ಭತ್ತದ ಜಂಬ, ರಾಗಿಯ ಲೆಕ್ಕ

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಮ್ಮ ವಿಮರ್ಶಕರು ಮೇಲು-ಕೀಳಿನ ರೂಪಕವಾಗಿ ಓದುತ್ತ ಬಂದಿದ್ದಾರೆ. ಭತ್ತ ಎಂದರೆ ಉಳ್ಳವರು, ರಾಗಿ ಎಂದರೆ ದುಡಿಯುವವರು. ಈ ಓದು ತಪ್ಪಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿ, ಕುಲದ ಹೆಸರಿನ ಅವಮಾನ ಬಲ್ಲ ಕವಿ ಬೇರೆ ಏನನ್ನು ಬರೆದಾನು? ಆದರೆ ಅಷ್ಟಕ್ಕೇ ನಿಂತರೆ ಕಾವ್ಯದ ಇನ್ನೊಂದು ಪ್ರಶ್ನೆ ಕೈತಪ್ಪುತ್ತದೆ. ಕೊಡುವವನು ಕೊಟ್ಟಿದ್ದನ್ನು ಪಡೆದವನು ಏನೆಂದು ತಿಳಿಯುತ್ತಾನೆ? ನಮ್ಮ ಮನೆಮಾತಿನಲ್ಲಿ ‘ನೇಮತ್’ ಎಂಬ ಶಬ್ದದೊಳಗೆ ಇರುವ ಪ್ರಶ್ನೆ ಅದು.

ಲಂಕೆಯಿಂದ ಮರಳುವ ರಾಮ ಋಷಿಗಳ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಧಾನ್ಯದ ಅಡಿಗೆ ಉಂಡಾದ ಮೇಲೆ ಯಾವುದು ಮೇಲು ಎಂಬ ಮಾತು ಏಳುತ್ತದೆ. ಗೌತಮ ಮುನಿ ನರೆದಲೆಗನ, ಅಂದರೆ ರಾಗಿಯ, ಹೆಸರು ಹೇಳಿದ್ದೇ ತಡ, ಭತ್ತವಾದ ವ್ರಿಹಿ ಕೆರಳುತ್ತದೆ. ಮುಂದಿನದು ನಮ್ಮ ಸಂತೆಯ ಜಗಳದಷ್ಟೇ ಖಾರ. ಭಾಮಿನಿ ಷಟ್ಪದಿ ಇಷ್ಟು ಚುರುಕಾಗಿ ಬೈದಾಡಿದ್ದು ಕಡಿಮೆ.

ಈ ಬೈದಾಟವನ್ನು ನಿಧಾನವಾಗಿ ಓದಬೇಕು. ಇಬ್ಬರೂ ಜಂಬ ಕೊಚ್ಚುತ್ತಾರೆ, ನಿಜ. ಆದರೆ ಜಂಬದ ಜಾತಿ ಬೇರೆ. ಭತ್ತ ತಾನು ಎಲ್ಲೆಲ್ಲಿ ಕುಳಿತಿದ್ದೇನೆ ಎಂದು ಹೇಳಿಕೊಳ್ಳುತ್ತದೆ: ದೇವರ ನೈವೇದ್ಯದಲ್ಲಿ, ಮದುವೆಯ ಅಕ್ಷತೆಯಲ್ಲಿ, ದೊಡ್ಡವರ ಎಲೆಯಲ್ಲಿ. ರಾಗಿ ತಾನು ಯಾರ ಹೊಟ್ಟೆ ತುಂಬಿಸಿದ್ದೇನೆ ಎಂದು ಲೆಕ್ಕ ಕೊಡುತ್ತದೆ: ಮಳೆ ಹೋದ ವರ್ಷ, ಬೆಳೆ ಒಣಗಿದ ವರ್ಷ, ಬಡವರ ಮನೆಯ ಒಲೆ ಆರಿದಾಗ. ಒಂದು ತನಗೆ ಸಿಕ್ಕ ಮರ್ಯಾದೆಯ ಪಟ್ಟಿ, ಇನ್ನೊಂದು ತನ್ನಿಂದ ಹೋದದ್ದರ ಪಟ್ಟಿ. ಭತ್ತದ ಮಾತು ನನಗೆ ಇಬ್ಲೀಸನ ವಾದವನ್ನು ನೆನಪಿಸುತ್ತದೆ. ಆದಮನ ಮುಂದೆ ಬಾಗು ಎಂದಾಗ ಅವನು ತಾನು ಬೆಂಕಿಯಿಂದಾದವನು, ಇವನು ಮಣ್ಣಿನಿಂದಾದವನು ಎಂದ. ಬೆಂಕಿಯನ್ನು ಅವನೇನೂ ದುಡಿದು ಗಳಿಸಿರಲಿಲ್ಲ. ಭತ್ತವೂ ತನ್ನ ಬಿಳುಪನ್ನು ಗಳಿಸಿದ್ದಲ್ಲ.

ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬಿಡಿಸಿದಾಗ ಭತ್ತ ಸೊರಗಿದೆ, ರಾಗಿ ಹಾಗೇ ಇದೆ. ರಾಮ ಅದಕ್ಕೆ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ. ಈ ತೀರ್ಪಿನಲ್ಲಿ ಒಂದು ತೊಡಕಿದೆ. ಕೆಡದೆ ಉಳಿಯುವುದೇ ಹಿರಿಮೆಯಾದರೆ ಜಿಪುಣನ ಪೆಟ್ಟಿಗೆಯಲ್ಲಿರುವ ಬಂಗಾರಕ್ಕಿಂತ ಹಿರಿಯರು ಯಾರು? ತೊಡಕನ್ನು ಬಿಡಿಸುವುದು ರೈತನ ಅನುಭವ. ರಾಗಿಗೆ ಹುಳ ಬೀಳುವುದು ಕಡಿಮೆ, ವರ್ಷಗಟ್ಟಲೆ ಇಡಬಹುದು. ಇಡುವುದು ಮುಚ್ಚಿಡಲಿಕ್ಕಲ್ಲ, ಬರಗಾಲಕ್ಕೆ ತೆಗೆಯಲಿಕ್ಕೆ. ಹಜರತ್ ಯೂಸುಫರ ಕತೆಯಲ್ಲೂ ಸೆರೆಮನೆ ಮತ್ತು ಕಣಜ ಅಕ್ಕಪಕ್ಕದಲ್ಲೇ ಇವೆ. ಸೆರೆಯಿಂದ ಬಿಡುಗಡೆಯಾದ ಯೂಸುಫರು ಈಜಿಪ್ಟಿನ ಉಗ್ರಾಣದ ಹೊಣೆ ಕೇಳಿ ಪಡೆದರು. ಸುಗ್ಗಿಯ ಏಳು ವರ್ಷ ಕೂಡಿಟ್ಟದ್ದು ಬರದ ಏಳು ವರ್ಷಕ್ಕೆ. ತಮ್ಮನ್ನು ಬಾವಿಗೆ ತಳ್ಳಿದ ಅಣ್ಣಂದಿರಿಗೂ ಅದರಲ್ಲಿ ಪಾಲು ಸಿಕ್ಕಿತು.

ಇನ್ನೊಂದು ಸೋಜಿಗ. ಬಾಡ ಜೋಳದ ರೊಟ್ಟಿಯ ಸೀಮೆ, ಪಕ್ಕದ ಹಾನಗಲ್ಲು ಗದ್ದೆಯ ಸೀಮೆ. ಕವಿ ತನ್ನ ಊರಿನ ಜೋಳವನ್ನು ಬಿಟ್ಟು ಬೇರೆಯವರ ತಟ್ಟೆಯ ಧಾನ್ಯಕ್ಕೆ ಕಿರೀಟ ತೊಡಿಸಿದ. ನೆಲದಲ್ಲಿ ಸಿಕ್ಕ ಹೊನ್ನನ್ನು ಬಡವರಿಗೂ ಕಾಗಿನೆಲೆಯ ಆದಿಕೇಶವನಿಗೂ ವೆಚ್ಚ ಮಾಡಿದನೆಂಬ ಐತಿಹ್ಯ ಯಾರ ಸುತ್ತ ಬೆಳೆದಿದೆಯೋ ಅವನಿಗೆ ಇದು ಒಪ್ಪುವಂಥದ್ದೇ.

ಇವತ್ತು ಪಾತ್ರಗಳು ಅದಲುಬದಲಾಗಿವೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ರಾಗಿ ಬಿಸ್ಕತ್ತಾಗಿ ಪಟ್ಟಣದ ಅಂಗಡಿಯ ಗಾಜಿನ ಕಪಾಟು ಸೇರಿತು. 2013ರ ಅನ್ನಭಾಗ್ಯದಿಂದ ಅಕ್ಕಿ ಬಡವರ ಒಲೆಗೆ ಇನ್ನಷ್ಟು ಹತ್ತಿರ ಬಂತು. ಭತ್ತವೂ ತಡವಾಗಿಯಾದರೂ ರಾಗಿಯ ಕೆಲಸ ಕಲಿಯಿತು ಎನ್ನೋಣ. ಕಲಿಯದವರು ನಾವು. ಪುಕ್ಕಟೆ ಅಕ್ಕಿ ತಿಂದು ಜನ ಮೈಗಳ್ಳರಾದರು ಎಂಬ ಮಾತನ್ನು ಹೊಟ್ಟೆ ತುಂಬಿದವರ ಬಾಯಲ್ಲಿ, ಜುಮಾ ನಮಾಜ್ ಮುಗಿಸಿ ಹೊರಬಂದವರ ಬಾಯಲ್ಲೂ, ಕೇಳಿದ್ದೇನೆ. ಊಟದ ಕೊನೆಗೆ ‘ಅಲ್‌ಹಮ್ದುಲಿಲ್ಲಾಹ್’ ಎನ್ನುವ ನಾಲಗೆಯೇ ಅದು! ಉಳ್ಳವರ ಸಂಪತ್ತಿನಲ್ಲಿ ಬೇಡುವವರದೂ ವಂಚಿತರದೂ ‘ಹಕ್’ ಇದೆ ಎನ್ನುತ್ತದೆ ಕುರ್‌ಆನ್. ನಮ್ಮ ಕನ್ನಡದ ‘ಹಕ್ಕು’ ಅದೇ ಅರಬ್ಬಿ ಶಬ್ದ. ಹಾಗಿರುವಾಗ ಕೊಟ್ಟವನು ಎದೆಯುಬ್ಬಿಸಲು ಜಾಗವೆಲ್ಲಿ?

ಹಿರೇಕೆರೂರು ಸೀಮೆಯ ಸರ್ವಜ್ಞ ಈ ಎದೆಯುಬ್ಬಿಸುವವರನ್ನು ಚೆನ್ನಾಗಿ ಬಲ್ಲವನು. ಮೇಲಿನ ಕೈ ಕೆಳಗಿನ ಕೈಗಿಂತ ಲೇಸು ಎಂದು ಪ್ರವಾದಿಯವರು ಕಲಿಸಿದ್ದನ್ನು ನಾವು ಮೇಲಿನಿಂದಲೇ ನೋಡುತ್ತೇವೆ. ಕಪ್ಪರ ಹಿಡಿದು ತಿರುಗಿದ ಸರ್ವಜ್ಞ ಕೊಡುವ ಕೈಯನ್ನು ಕೆಳಗಿನಿಂದ ನೋಡಿದ. ದಾನದ ಮೇಲಿನ ಅವನ ತ್ರಿಪದಿಗಳು ಉಪದೇಶದಂತೆ ಕೇಳಿಸದೆ ಚುಚ್ಚುವುದು ಇದಕ್ಕೇ.

ಅನ್ನದ ಮಾತಾಯಿತು. ವಿದ್ಯೆಯ ನೇಮತ್ತಿಗೆ ಹಾನಗಲ್ಲು ತಾಲ್ಲೂಕನ್ನೇ ನೋಡಬೇಕು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನ ಕಂಠವನ್ನು ಹಾನಗಲ್ಲಿನ ಕುಮಾರಸ್ವಾಮಿಗಳು ಗುರುತಿಸಿದರು. ಅಯ್ಯೋ ಪಾಪ ಎಂದು ಕೈಗೆ ಕಾಸು ಹಾಕಲಿಲ್ಲ, ಸಂಗೀತ ಕಲಿಸಿದರು. ಹುಡುಗ ಪಂಚಾಕ್ಷರಿ ಗವಾಯಿಯಾದ. ಹಿಂದೂಸ್ತಾನಿಯನ್ನು ಕಲಿಸಿದವರಲ್ಲಿ ಕಿರಾನಾ ಘರಾಣೆಯ ಉಸ್ತಾದ್ ವಹೀದ್ ಖಾನರೂ ಇದ್ದರು. ಮಠದ ಹುಡುಗನೆಂದು ಉಸ್ತಾದರು ಸ್ವರ ಮುಚ್ಚಿಡಲಿಲ್ಲ, ಉಸ್ತಾದರು ಮುಸಲ್ಮಾನರೆಂದು ಸ್ವಾಮಿಗಳು ಬಾಗಿಲು ಮುಚ್ಚಲಿಲ್ಲ. ಗವಾಯಿಗಳು ಆ ವಿದ್ಯೆಯನ್ನು ಅದೇ ತಾಲ್ಲೂಕಿನ ದೇವಗಿರಿಯ ಇನ್ನೊಬ್ಬ ಕಣ್ಣಿಲ್ಲದ ಹುಡುಗನಿಗೆ ಒಪ್ಪಿಸಿ 1944ರಲ್ಲಿ ತೀರಿಕೊಂಡರು. ಆ ಹುಡುಗ, ಪುಟ್ಟರಾಜ ಗವಾಯಿ, 2010ರಲ್ಲಿ ಕಣ್ಮುಚ್ಚುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಹಾಡು ಕಲಿಸಿದರು. ಯಾವ ಕುಲ ಎಂದು ಕೇಳಲಿಲ್ಲ, ಫೀಸನ್ನೂ ಕೇಳಲಿಲ್ಲ.