ಸುದ್ದಿ ತಲುಪಿತು, ಕಳಿಸಿದವರು ಯಾರು?

ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಬುಂಟು ಅಥವಾ ಫೆಡೋರಾ ಇದ್ದರೆ, ಬೂಟ್ ಆಗುವಾಗ ಮಿಕ್ಕ ಸರ್ವಿಸ್‌ಗಳನ್ನೆಲ್ಲ ಎಬ್ಬಿಸುವುದು ಸಿಸ್ಟಮ್‌ಡಿ. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಅದನ್ನು ಪ್ರಕಟಿಸಿದಾಗಿನಿಂದ ಜಗಳ ನಿಂತಿಲ್ಲ. ಆ ಜಗಳ ಇವತ್ತು ಬೇಡ. ನನ್ನ ತಕರಾರು ಅದರ ಸಂದೇಶ ವ್ಯವಸ್ಥೆಗೆ ಸ್ಟ್ರೆಸ್ ಟೆಸ್ಟ್ ಮಾಡುವ ರೀತಿಯ ಬಗ್ಗೆ.

ಸರ್ವಿಸ್ ತಯಾರಾದಾಗ 'ರೆಡಿ' ಅಂತ ಒಂದು ಪುಟ್ಟ ಸಂದೇಶವನ್ನು ಸಿಸ್ಟಮ್‌ಡಿಯ ಸಾಕೆಟ್‌ಗೆ ಹಾಕುತ್ತೆ. ಅದು ಬರದಿದ್ದರೆ, ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಚೆನ್ನಾಗಿಯೇ ಓಡುತ್ತಿರುವ ಸರ್ವಿಸನ್ನೂ ಸಿಸ್ಟಮ್‌ಡಿ ನಿಲ್ಲಿಸಿಬಿಡುತ್ತೆ. ಹಾಗಾಗಿ ಟೆಸ್ಟ್ ಬರೆಯುವವರಿಗೆ ಮೊದಲು ಹೊಳೆಯೋದು, ಒಂದೇ ಪ್ರೋಗ್ರಾಮಿನಿಂದ ಲಕ್ಷ ಸಂದೇಶ ಸುರಿದು ಎಷ್ಟು ಕಳೆದುಹೋಯ್ತು ಅಂತ ಎಣಿಸೋದು. ಉತ್ತರ ಸೊನ್ನೆ ಬರಬೇಕು, ಬರುತ್ತೆ. ಈ ಸಾಲಿಗೆ ಲಿನಕ್ಸ್ ಕರ್ನಲ್ ಇಟ್ಟ ಮಿತಿ 10, ಸಿಸ್ಟಮ್‌ಡಿ ಅದನ್ನು 512ಕ್ಕೆ ಏರಿಸುತ್ತೆ. ಸಾಲು ತುಂಬಿದರೆ ಕಳಿಸುವ ಪ್ರೋಗ್ರಾಮ್ ಕಾಯಬೇಕು, ಅಷ್ಟೇ, ಸಂದೇಶ ಬಿದ್ದುಹೋಗಲ್ಲ.

ಕಷ್ಟ ಇರೋದು ಬೇರೆ ಕಡೆ. ನಮ್ಮ ಎರ್ಲಾಂಗೆನ್‌ನಲ್ಲಿ 1755ರಿಂದ ನಡೆಯುವ ಬೆರ್ಗ್ ಜಾತ್ರೆಯ ನೂಕುನುಗ್ಗಲು ನೆನೆಸಿಕೊಳ್ಳಿ. ಯಾರೋ 'ಎರಡು' ಅಂತ ಕೂಗಿ ಜನರ ಮಧ್ಯೆ ಮಾಯ. ಕೌಂಟರ್‌ನವರಿಗೆ ಕೂಗು ಕೇಳಿಸಿತು, ತಿರುಗಿ ನೋಡಿದರೆ ಆಳಿಲ್ಲ. ಸಿಸ್ಟಮ್‌ಡಿಯದೂ ಇದೇ ಪಾಡು. ಕರ್ನಲ್ ಸಂದೇಶದ ಜೊತೆ ಕಳಿಸಿದವರ ಪ್ರೋಸೆಸ್ ನಂಬರ್ ಕೊಡುತ್ತೆ. ಅದು ಯಾವ ಸರ್ವಿಸ್‌ಗೆ ಸೇರಿದ್ದು ಅಂತ ಸಿಸ್ಟಮ್‌ಡಿ ಆಮೇಲೆ ಹುಡುಕಬೇಕು. ಅಷ್ಟರಲ್ಲಿ ಆ ಪ್ರೋಸೆಸ್ ಮುಗಿದುಹೋಗಿದ್ದರೆ, ಕೈಗೆ ಬಂದ ಸಂದೇಶವನ್ನೇ ಕಡೆಗಣಿಸಬೇಕಾಗಬಹುದು. ಖಾಲಿ ಮಷೀನಿನಲ್ಲಿ ಇದು ಕಾಣೋದು ಕಷ್ಟ, ಲೋಡ್ ಏರಿದಾಗ ಕಾಣುತ್ತೆ. ಪೆಟ್ಟು ತಿನ್ನೋದು ಒಂದು ಸಾಲು ಹೇಳಿ ಸಾಯುವ ಶೆಲ್ ಸ್ಕ್ರಿಪ್ಟ್‌ಗಳು.

ಮ್ಯಾನ್ ಪೇಜ್ ಇದನ್ನು ಮುಚ್ಚಿಟ್ಟಿಲ್ಲ. 2020ರ 246ನೇ ಆವೃತ್ತಿಯಲ್ಲಿ ಬ್ಯಾರಿಯರ್ ಬಂತು: ಕಳಿಸುವ ಪ್ರೋಗ್ರಾಮ್ ಒಂದು ಪೈಪ್‌ನ ತುದಿಯನ್ನೂ ಜೊತೆಗೆ ಕೊಡುತ್ತೆ, ಸಿಸ್ಟಮ್‌ಡಿ ಹಿಂದಿನ ಸಂದೇಶಗಳನ್ನೆಲ್ಲ ನೋಡಿ ಮುಗಿಸಿ ಅದನ್ನು ಮುಚ್ಚುವವರೆಗೆ ಕಾಯುತ್ತೆ. ಪರಿಹಾರ ಸರಿ, ಆದರೆ ಹತ್ತು ವರ್ಷ ತಡ. ಅಲ್ಲದೆ ಭಾರವೆಲ್ಲ ಕಳಿಸುವವರ ತಲೆ ಮೇಲೆ. ಲೈಬ್ರರಿ ಬೇಡ ಅಂತ ಈ ಪ್ರೋಟೋಕಾಲನ್ನು ತಾವೇ ಹತ್ತು ಸಾಲಿನಲ್ಲಿ ಬರೆದುಕೊಳ್ಳುವವರಿದ್ದಾರೆ. ಆ ಹತ್ತು ಸಾಲಿನಲ್ಲಿ ಮೊದಲು ಬಿಟ್ಟುಹೋಗೋದು ಬ್ಯಾರಿಯರ್ರೇ.

ನೀವು ಟೆಸ್ಟ್ ಮಾಡೋದಾದರೆ ಸಂದೇಶ ಹೆಚ್ಚಿಸಬೇಡಿ, ಕಳಿಸುವವರನ್ನು ಹೆಚ್ಚಿಸಿ. ಸ್ಟ್ರೆಸ್-ಎನ್‌ಜಿಯಿಂದ ಸಿಪಿಯು ತುಂಬಿ, ಸಾವಿರ ಅಲ್ಪಾಯುಷಿ ಪ್ರೋಸೆಸ್‌ಗಳಿಂದ ಒಂದೊಂದೇ ಸಂದೇಶ ಕಳಿಸಿ. ಬಂದದ್ದೆಷ್ಟು ಅಂತ ಅಲ್ಲ, ಸರಿಯಾದ ಸರ್ವಿಸ್‌ನ ಲೆಕ್ಕಕ್ಕೆ ಸೇರಿದ್ದೆಷ್ಟು ಅಂತ ಎಣಿಸಿ.