ಹಸಿರು ಪರದೆಯ ಮುಂದೆ

ಈ ಪುಟಗಳಲ್ಲಿ ಸಾಮಾನ್ಯವಾಗಿ ಪುಸ್ತಕಗಳ, ನಾಟಕಗಳ, ಒಮ್ಮೊಮ್ಮೆ ಯಕ್ಷಗಾನ ಪ್ರಸಂಗಗಳ ವಿಮರ್ಶೆ ಬರುವುದು ವಾಡಿಕೆ. ಈ ಸಲ ನಾವು ಕೈಗೆತ್ತಿಕೊಂಡಿರುವ ಕೃತಿಗೆ ಲೇಖಕರೂ ಇಲ್ಲ, ಮುನ್ನುಡಿಯೂ ಇಲ್ಲ. ಬೆಲೆ ಮಾತ್ರ ಇದೆ. ಮೋಜಿನ ಉದ್ಯಾನಗಳಿಂದ ಹೊರಬರುವ ದಾರಿಯಲ್ಲಿ, ಕಾಲು ಸೋತು ಮಕ್ಕಳು ಅಳುವ ಹೊತ್ತಿಗೆ, ನಮ್ಮ ಮುಂದೆ ಹಿಡಿಯುವ ‘ಫೋಟೋ ಪ್ಯಾಕೇಜ್’ ಎಂಬ ಚಿತ್ರಸಂಪುಟವೇ ಆ ಕೃತಿ. ಇದನ್ನು ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆ ನಮ್ಮ ಸಂಘದ ಅನೇಕ ಸದಸ್ಯರಿಗೆ ಎದುರಾಗಿರಬಹುದು. ನಮಗೆ ಎದುರಾದದ್ದು ಕಳೆದ ದೀಪಾವಳಿ ರಜೆಯಲ್ಲಿ.

ಮುಂಬಯಿಯವರಿಗೆ ಇಂಥ ಉದ್ಯಾನ ಹೊಸದಲ್ಲ. 1989ರಲ್ಲಿ ಗೋರಾಯಿಯಲ್ಲಿ ಎಸ್ಸೆಲ್‌ವರ್ಲ್ಡ್ ತೆರೆದಾಗ ಜೋಗೇಶ್ವರಿಯ ನಾವು ಲೋಕಲ್ ಹಿಡಿದು ಮಲಾಡಿನಲ್ಲಿ ಇಳಿದು, ಮಾರ್ವೆಯಿಂದ ಲಾಂಚಿನಲ್ಲಿ ಖಾಡಿ ದಾಟಿ ಹೋಗುತ್ತಿದ್ದೆವು. (ಆಗ ರಾಮಮಂದಿರ ನಿಲ್ದಾಣವಿರಲಿಲ್ಲ, ಗೋರೆಗಾಂವ್ ಬಿಟ್ಟರೆ ಮಲಾಡೇ.) ಯಾರಿಂದಲೋ ಎರವಲು ತಂದ ಕ್ಯಾಮೆರಾ, ಅದರಲ್ಲಿ 36 ಚಿತ್ರಗಳ ಒಂದು ರೋಲು, ಅದರಲ್ಲೂ ಅರ್ಧವನ್ನು ಬರಲಿರುವ ಸೀಮಂತಕ್ಕೆಂದು ಉಳಿಸಬೇಕು. ಆಮೇಲೆ ಬಂದದ್ದು ಇಮ್ಯಾಜಿಕಾ. ತುಳುನಾಡಿನ ಮೂಲದ ಮನಮೋಹನ ಶೆಟ್ಟಿಯವರು 2013ರಲ್ಲಿ ಖೋಪೋಲಿಯ ಬಳಿ ಅದನ್ನು ತೆರೆದರು. ಅವರೇ 1978ರಲ್ಲಿ ಆಡ್‌ಲ್ಯಾಬ್ಸ್ ಆರಂಭಿಸಿದವರು, ‘ಅರ್ಧಸತ್ಯ’ (1983) ಚಿತ್ರದ ನಿರ್ಮಾಪಕರು. ಆಡ್‌ಲ್ಯಾಬ್ಸ್ ಎಂದರೆ ನಮ್ಮ ನೆರೆಯ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಚಲನಚಿತ್ರಗಳ ರೀಲು ತೊಳೆದು ಪ್ರಿಂಟು ಹಾಕುತ್ತಿದ್ದ ಪ್ರಯೋಗಶಾಲೆ. ಫಿಲ್ಮು ತೊಳೆಯುವ ಕಸುಬಿನಿಂದ ಮೋಜಿನ ಉದ್ಯಾನಕ್ಕೆ ಒಂದು ದಾರಿ ಇದೆ ಎನ್ನುವುದು ನಮಗೆ ಕುತೂಹಲದ ಸಂಗತಿಯಾಗಿ ಕಾಣುತ್ತದೆ. ಎರಡೂ ಕಡೆ ಮಾರಾಟವಾಗುವುದು ಬೆಳಕಿನಲ್ಲಿ ಹಿಡಿದ ನೆರಳೇ. ಅದಿರಲಿ; ನಾವು ಹೋದದ್ದು ಇವೆರಡಕ್ಕೂ ಅಲ್ಲ, ಬೇರೊಂದಕ್ಕೆ. ಹೆಸರಿನ ಅಗತ್ಯವಿಲ್ಲ, ಪದ್ಧತಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

ಊರಿನಿಂದ ಅಮ್ಮ ಬಂದಿದ್ದರು. ಕಾರ್ಕಳದ ಕಡೆಯ ಮನೆಯನ್ನು ಬಿಟ್ಟು ಅವರು ಹೊರಡುವುದೇ ಅಪರೂಪ; ಎಪ್ಪತ್ತಾರರ ವಯಸ್ಸು, ಮೊಣಕಾಲು ನೋವು. ಮತ್ಸ್ಯಗಂಧ ಇಳಿದ ದಿನವೇ ‘ಇದು ಕಡೆಯ ಸಲ’ ಎಂದು ಹೇಳಿಬಿಟ್ಟರು. ಆದ್ದರಿಂದಲೇ ಮಕ್ಕಳು ಹಟ ಹಿಡಿದು ಅಜ್ಜಿಯನ್ನೂ ಕರೆದುಕೊಂಡು ಹೊರಟದ್ದು. ಒಳಗೆ ಹೋಗುತ್ತಿದ್ದಂತೆ ಹೆಬ್ಬಾಗಿಲಲ್ಲಿ ಒಬ್ಬ ಹುಡುಗ ನಮ್ಮನ್ನು ಹಸಿರು ಪರದೆಯೊಂದರ ಮುಂದೆ ಸಾಲಾಗಿ ನಿಲ್ಲಿಸಿ ಪಟ ತೆಗೆದ. ಕೈಗೆ ಕಟ್ಟಿದ ಪಟ್ಟಿಯ ಮೇಲಿನ ಗುರುತನ್ನು ಯಂತ್ರಕ್ಕೆ ತೋರಿಸಿದ. ಅಲ್ಲಿಂದ ಮುಂದೆ ಆ ದಿನ ನಾವು ಎಲ್ಲಿ ಹೋದರೂ ನಮ್ಮ ಚಿತ್ರಗಳು ನಮ್ಮ ಹೆಸರಿನ ಖಾತೆಗೆ ಜಮೆಯಾಗುತ್ತಾ ಹೋದವು.

ಸಂಜೆ ಲೆಕ್ಕ ಬಂತು: 11 ಚಿತ್ರಗಳು, ಎಲ್ಲ ಸೇರಿ 1,500 ರೂಪಾಯಿ, ಜೊತೆಗೆ ಫ್ರಿಜ್ಜಿಗೆ ಅಂಟಿಸುವ ಒಂದು ಬಿಲ್ಲೆ ಉಚಿತ. ಬಿಡಿಯಾಗಿ ಬೇಕೆಂದರೆ ಒಂದಕ್ಕೆ 300. ನಮ್ಮ ಮನೆಯವರು ಲೆಕ್ಕದಲ್ಲಿ ಚುರುಕು. ‘ಇದು ಐದು ಚಿತ್ರದ ಬೆಲೆಗೆ ಹನ್ನೊಂದು ಅಲ್ಲ, ಹನ್ನೊಂದನ್ನು ಮಾರಲಿಕ್ಕೆಂದೇ ಒಂದಕ್ಕೆ ಇಟ್ಟ ಬೆಲೆ’ ಎಂದರು. ಮಾತು ನಿಜ. ಬಿಡಿಯದನ್ನು ದುಬಾರಿ ಮಾಡಿದರೆ ಕಟ್ಟು ಅಗ್ಗವಾಗಿ ಕಾಣುತ್ತದೆ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತಂದ ಮೊದಲ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್; ನೂರು ಚಿತ್ರ ತೆಗೆದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು, 10 ಡಾಲರಿಗೆ ಅವರು ಚಿತ್ರ ತೊಳೆದು ಹೊಸ ಫಿಲ್ಮು ತುಂಬಿ ಹಿಂದಿರುಗಿಸುತ್ತಿದ್ದರು. ಆಗ ಪ್ರತಿ ಚಿತ್ರಕ್ಕೂ ಫಿಲ್ಮು ಬೇಕು, ರಸಾಯನ ಬೇಕು, ಕಾಗದ ಬೇಕು. ಈಗ ಹನ್ನೊಂದನೆಯ ಚಿತ್ರಕ್ಕೆ ಮಾರುವವನ ಕೈಯಿಂದ ಹೋಗುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ನಾವು ದುಡ್ಡು ಕೊಡುವುದು ಯಾವುದಕ್ಕೆ?

ಇದಕ್ಕೆ ಉತ್ತರ ಹುಡುಕುತ್ತಾ ನಾವು ಆ ಕೌಂಟರಿನ ಎದುರು ಸುಮಾರು ಅರ್ಧ ಗಂಟೆ ನಿಂತೆವು. ಹಿಂದೆ ಸಾಲು ಬೆಳೆಯುತ್ತಿತ್ತು. ವಿಮರ್ಶಕರಿಗೆ ತಾಳ್ಮೆ ಬೇಕು. ಸಾಲಿನಲ್ಲಿ ನಿಂತವರಿಗೆ ಅದು ಇರುವುದಿಲ್ಲ.

ಹನ್ನೊಂದರಲ್ಲಿ ಏಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಬೊಂಬೆಯ ವೇಷದವನ ಪಕ್ಕ ಮಗ, ಪ್ಲಾಸ್ಟಿಕ್ ಆನೆಯ ಮೇಲೆ ಮಗ, ದೋಣಿಯ ಮುಂದೆ ಇಬ್ಬರೂ, ಹೀಗೆ. ಇವೇ ಚಿತ್ರಗಳು ನಮ್ಮ ಮೊಬೈಲಿನಲ್ಲೂ ಇದ್ದವು. ನಮ್ಮವು ಸ್ವಲ್ಪ ಮಸುಕು, ಅಷ್ಟೇ ವ್ಯತ್ಯಾಸ. ಎಲ್ಲದರಲ್ಲೂ ಮಕ್ಕಳ ಮುಖದ ಮೇಲೆ ಒಂದೇ ಅಳತೆಯ ನಗು. ಸೂಸನ್ ಸೊಂಟಾಗ್ ತಮ್ಮ ‘ಆನ್ ಫೋಟೋಗ್ರಫಿ’ (1977) ಪುಸ್ತಕದಲ್ಲಿ, ದುಡಿಮೆಯನ್ನೇ ಧರ್ಮವೆಂದುಕೊಂಡವರಿಗೆ ರಜೆಯಲ್ಲಿ ಸುಮ್ಮನೆ ಇರಲಾಗದೆ ಕ್ಯಾಮೆರಾ ಒಂದು ಕೆಲಸ ಒದಗಿಸುತ್ತದೆ ಎಂಬರ್ಥದ ಮಾತು ಹೇಳಿದ್ದಾರೆ. ಅವರು ಹೆಸರಿಸಿದ್ದು ಜರ್ಮನರನ್ನು, ಜಪಾನೀಯರನ್ನು, ಅಮೆರಿಕದವರನ್ನು. ಜೋಗೇಶ್ವರಿಯಿಂದ ಚರ್ಚ್‌ಗೇಟಿಗೆ ನಿಂತು ಹೋಗುವವರನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ.

ಆದರೆ ಎತ್ತರದಿಂದ ಬೀಳುವ ಗಾಡಿಯಲ್ಲಿ ತೆಗೆದ ಮೂರು ಚಿತ್ರಗಳ ಮಾತು ಬೇರೆ. ಇವನ್ನು ತೆಗೆಯುವುದು ಮನುಷ್ಯನಲ್ಲ. ಹಳಿಯ ಪಕ್ಕದಲ್ಲಿ ಒಂದು ಕಣ್ಣು. ಗಾಡಿ ಅದನ್ನು ದಾಟಿದೊಡನೆ ಕಂಬದ ಮೇಲಿನ ಕ್ಯಾಮೆರಾ ತನ್ನಷ್ಟಕ್ಕೆ ಮಿಂಚುತ್ತದೆ. ಜಾಗವನ್ನು ಆರಿಸಿರುವುದು ಬಹಳ ಜಾಣತನದಿಂದ: ಹೊಟ್ಟೆ ಬಾಯಿಗೆ ಬರುವ ಇಳಿಜಾರಿನಲ್ಲೇ. ಅಲ್ಲಿ ಯಾರಿಗೂ ‘ಸ್ಮೈಲ್’ ಎಂದು ಹೇಳುವವರಿಲ್ಲ, ಹೇಳಿದರೂ ಕೇಳುವವರಿಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿದು ಕೂರಲು ಬಿಡುವುದಿಲ್ಲವಾದ್ದರಿಂದ ಈ ಚಿತ್ರವನ್ನು ನಾವು ತೆಗೆದುಕೊಳ್ಳುವಂತೆಯೂ ಇಲ್ಲ. ನಮ್ಮ ಮಗಳಿಗೆ ಹದಿನಾಲ್ಕು. ಒಂದು ವರ್ಷದಿಂದ ಅವಳು ನಮ್ಮ ಮೊಬೈಲಿನ ಮುಂದೆ ನಿಲ್ಲುವಾಗ ತುಟಿ ಬಿಗಿದು, ಮುಖವನ್ನು ಒಂದು ಕಡೆಗೆ ತಿರುಗಿಸಿ, ಯಾವುದೋ ಚಿತ್ರನಟಿಯಂತೆ ನಿಲ್ಲುತ್ತಾಳೆ. ತಮ್ಮನನ್ನಂತೂ ಹತ್ತಿರ ಸೇರಿಸುವುದಿಲ್ಲ. ಆ ಮೂರರಲ್ಲಿ ಒಂದು ಚಿತ್ರದಲ್ಲಿ ಅವಳ ಬಾಯಿ ಕಿವಿಯವರೆಗೆ ತೆರೆದಿದೆ, ಕೂದಲು ಮೇಲಕ್ಕೆ ಹಾರಿದೆ, ಎಡಗೈ ತಮ್ಮನ ಕೈಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದೆ. ಹಿಂದಿನ ಸಾಲಿನಲ್ಲಿ ನಮ್ಮ ಮನೆಯವರು ಕಣ್ಣು ಮುಚ್ಚಿ ನಮ್ಮ ತೋಳಿಗೆ ಒರಗಿದ್ದಾರೆ. ನಾವಂತೂ ನೋಡುವಂತಿಲ್ಲ. ಆದರೂ ಇದೊಂದು ಒಳ್ಳೆಯ ಚಿತ್ರ ಎಂದು ನಿಸ್ಸಂಕೋಚವಾಗಿ ಹೇಳುತ್ತೇವೆ. ಮುಂಬಯಿಯ ದೊಡ್ಡ ಸ್ಟುಡಿಯೋಗಳಲ್ಲಿ ಕೂತು ತೆಗೆಸಿಕೊಂಡ ಎಷ್ಟೋ ಚಿತ್ರಗಳಲ್ಲಿ ಇಷ್ಟು ಸತ್ಯ ಇರಲಿಲ್ಲ.

‘ಅಪ್ಪಾ, ಪ್ಯಾಕೇಜೇ ತಗೊಳ್ಳಿ, ಇದರಲ್ಲಿ ನೀವೂ ಇದ್ದೀರಿ’ ಎಂದಳು ಮಗಳು. ಇದಕ್ಕಿಂತ ದೊಡ್ಡ ವಾದ ಅಂಗಡಿಯವನ ಹತ್ತಿರವೂ ಇರಲಿಲ್ಲ. ಆ ದಿನ ನಮ್ಮ ಮೊಬೈಲಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿದ್ದವು, ನಾವಿದ್ದದ್ದು ಎರಡರಲ್ಲಿ. ಮನೆಯಲ್ಲಿ ಪಟ ತೆಗೆಯುವವರು ಪಟದಲ್ಲಿ ಇರುವುದಿಲ್ಲ, ಓದುಗರಲ್ಲಿ ಹಲವರು ಇದನ್ನು ಬಲ್ಲರು.

ಆಗಲೇ ನಮಗೆ ಹೊಳೆದದ್ದು: ಈ ಸಂಪುಟದಲ್ಲಿ ಅಮ್ಮ ಎಲ್ಲಿ?

ಎಣಿಸಿ ನೋಡಿದೆವು. ಹತ್ತರಲ್ಲಿ ಅಮ್ಮ ಇಲ್ಲ. ಇರುವುದಾದರೂ ಹೇಗೆ? ಉದ್ಯಾನದ ಕ್ಯಾಮೆರಾಗಳೆಲ್ಲ ಯಂತ್ರಗಳ ಬಳಿ ನೆಟ್ಟವು. ಅಮ್ಮ ಯಾವ ಯಂತ್ರವನ್ನೂ ಹತ್ತಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದು ಆಟದ ಎದುರಿನ ಕಲ್ಲುಬೆಂಚಿನ ಮೇಲೆ ಕೂತು, ನಮ್ಮ ಚೀಲ, ಚಪ್ಪಲಿ, ನೀರಿನ ಬಾಟಲಿ, ಮಗನ ಟೋಪಿ ಎಲ್ಲವನ್ನೂ ಕಾಯ್ದರು. ನಮ್ಮೆಲ್ಲರ ಮೊಬೈಲುಗಳೂ ಅವರ ಮಡಿಲಲ್ಲೇ ಇದ್ದವು. ಅಂದರೆ ಉದ್ಯಾನದಲ್ಲಿ ನಮ್ಮ ಪಾಲಿನ ಅಷ್ಟೂ ಕ್ಯಾಮೆರಾಗಳನ್ನು ಹಿಡಿದುಕೊಂಡು ಕೂತಿದ್ದವರ ಒಂದು ಚಿತ್ರವನ್ನು ತೆಗೆಯುವವರು ಯಾರೂ ಇರಲಿಲ್ಲ. ನಡುನಡುವೆ ನಾವು ಮೊಬೈಲ್ ಎತ್ತಿದಾಗಲೂ ‘ನನ್ನ ಪಟ ಎಂತಕ್ಕೆ ಮಗಾ, ಮಕ್ಕಳದ್ದು ತೆಗಿ’ ಎಂದು ಸೆರಗಿನಿಂದ ಮುಖ ಮರೆಮಾಡುತ್ತಿದ್ದರು. ಯಾರ ಸಲುವಾಗಿ ಹೊರಟ ಪ್ರಯಾಣವೋ ಅವರೇ ಅದರ ದಾಖಲೆಯಿಂದ ಹೊರಗೆ. ಒಂದು ಕಾದಂಬರಿಯಲ್ಲಿ ಹೀಗಾಗಿದ್ದರೆ ನಾವು ಕಠಿಣವಾಗಿ ಬರೆಯುತ್ತಿದ್ದೆವು.

ಉಳಿದದ್ದು ಹನ್ನೊಂದನೆಯದು, ಹೆಬ್ಬಾಗಿಲಲ್ಲಿ ತೆಗೆದದ್ದು. ಹಸಿರು ಪರದೆಯ ಗುಟ್ಟು ಈಗ ಚಿಕ್ಕ ಮಕ್ಕಳಿಗೂ ಗೊತ್ತು: ಚಿತ್ರದಲ್ಲಿ ಎಲ್ಲೆಲ್ಲಿ ಆ ಹಸಿರು ಇದೆಯೋ ಅಲ್ಲೆಲ್ಲ ಕಂಪ್ಯೂಟರು ಬೇರೊಂದು ಚಿತ್ರವನ್ನು ತುಂಬುತ್ತದೆ. ನಮ್ಮ ಹಿಂದೆ ಒಂದು ಕೋಟೆಯನ್ನು ತುಂಬಿದ್ದರು. ಬುರುಜು, ಬಾವುಟ, ಆಕಾಶದಲ್ಲಿ ಪಟಾಕಿ. ದುರದೃಷ್ಟವೆಂದರೆ ಅಮ್ಮ ಆ ದಿನ ಉಟ್ಟದ್ದು ಹಸಿರು ಸೀರೆ. ಯಂತ್ರಕ್ಕೆ ಪರದೆ ಯಾವುದು, ಸೀರೆ ಯಾವುದು ಎಂಬ ವಿವೇಚನೆ ಇಲ್ಲ. ನಮ್ಮ ನಾಲ್ವರ ನಡುವೆ ಅಮ್ಮನ ತಲೆ, ಎರಡು ಕೈ, ಕೆಂಪು ಅಂಚಿನ ಒಂದು ಗೆರೆ. ಮಿಕ್ಕಂತೆ ಅವರ ಮೈಯೆಲ್ಲ ಕೋಟೆಯ ಇಟ್ಟಿಗೆ. ಮಗ ಬಿದ್ದು ಬಿದ್ದು ನಕ್ಕ. ಅಮ್ಮನೂ ನಕ್ಕರು. ನಮಗೆ ನಗು ಬರಲಿಲ್ಲ.

ಹಿನ್ನೆಲೆಯ ಪರದೆಯೆಂದರೆ ನಮಗೆ ತಿರಸ್ಕಾರವೇನೂ ಇಲ್ಲ. ನಮ್ಮ ತಂದೆಯವರ ಒಂದೇ ಒಂದು ಚಿತ್ರ ಮನೆಯಲ್ಲಿದೆ. ಅಂಧೇರಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿ ಊರಿಗೆ ಅಂಚೆಯಲ್ಲಿ ಕಳಿಸಿದ್ದು. ಮೈಮೇಲಿನ ಕೋಟು ಸ್ಟುಡಿಯೋದವರದ್ದು, ಕೈಗಡಿಯಾರ ಗೆಳೆಯನದ್ದು, ಹಿಂದಿನ ಸರೋವರ, ಹಂಸ, ಬೆಟ್ಟ ಎಲ್ಲ ಪರದೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಆ ಕಾಲದಲ್ಲಿ ಮುಂಬಯಿಗೆ ಬಂದ ನಮ್ಮ ಕಡೆಯ ಹುಡುಗರಲ್ಲಿ ಅನೇಕರ ಇಂಥ ಚಿತ್ರಗಳು ಊರ ಮನೆಗಳ ಚಾವಡಿಯಲ್ಲಿ ಇಂದಿಗೂ ತೂಗುತ್ತಿವೆ. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಸುಳ್ಳು ಮನುಷ್ಯನ ಹಿಂದೆ ನಿಂತಿತ್ತು, ಅವನ ಮುಖಕ್ಕೆ, ಕಾಲಿಗೆ, ಹೊಟ್ಟೆಗೆ ಕೈ ಹಾಕಿರಲಿಲ್ಲ. ಕೋಟಿನ ತೋಳು ಉದ್ದವಾಗಿ ತಂದೆಯವರ ಬೆರಳ ತುದಿ ಮಾತ್ರ ಕಾಣುತ್ತದೆ. ಆ ಬೆರಳುಗಳು ಮಾತ್ರ ಅವರವೇ. ಯಂತ್ರದ ಪರದೆಗೆ ಈ ಮರ್ಯಾದೆ ತಿಳಿಯದು.

ಫ್ರಾನ್ಸಿನ ರೋಲಾಂ ಬಾರ್ಥ್ ತಾಯಿ ತೀರಿದ ಮೇಲೆ ಹಳೆಯ ಚಿತ್ರಗಳಲ್ಲಿ ಅವರನ್ನು ಹುಡುಕಿದ ಕಥೆ 1980ರಲ್ಲಿ ಪ್ರಕಟವಾದ ಅವರ ಛಾಯಾಚಿತ್ರದ ಕುರಿತ ಪುಸ್ತಕದಲ್ಲಿ ಇದೆ. ಕಡೆಗೆ ತಾಯಿ ಐದು ವರ್ಷದ ಮಗುವಾಗಿದ್ದಾಗಿನ ಒಂದು ಚಿತ್ರದಲ್ಲಿ ಅವರು ಸಿಕ್ಕಿದರಂತೆ. ಪುಸ್ತಕದ ತುಂಬ ಚಿತ್ರಗಳಿದ್ದರೂ ಅದೊಂದನ್ನು ಮಾತ್ರ ಬಾರ್ಥ್ ಅಚ್ಚು ಹಾಕಿಸಲಿಲ್ಲ. ಇತರರಿಗೆ ಅದು ಬರಿಯ ಇನ್ನೊಂದು ಹಳೆಯ ಚಿತ್ರ. ಓದಿದಾಗ ಅದು ದೊಡ್ಡವರ ಮಾತು ಎಂದುಕೊಂಡಿದ್ದೆವು. ಕೌಂಟರಿನ ಮುಂದೆ ನಿಂತಾಗ ಅರ್ಥವಾಯಿತು. ನಾಳೆ ನಾವೂ ಹುಡುಕುತ್ತೇವೆ. ಆಗ ಹನ್ನೊಂದು ಚಿತ್ರಗಳ ಸಂಪುಟದಲ್ಲಿ ಸಿಗುವುದು ಇಟ್ಟಿಗೆ.

‘ಪರದೆ ಹಾಗೇ ಇರಲಿ, ಕೋಟೆ ತೆಗೆದು ಮೊದಲು ತೆಗೆದ ಚಿತ್ರವನ್ನೇ ಕೊಡಿ’ ಎಂದು ಕೇಳಿದೆವು. ಹುಡುಗನಿಗೆ ಆಶ್ಚರ್ಯ. ಹಾಗೆ ಕೊಡುವ ಪದ್ಧತಿ ಇಲ್ಲ, ಬರಿಯ ಹಸಿರು ಬರುತ್ತದೆ, ಚೆನ್ನಾಗಿ ಕಾಣುವುದಿಲ್ಲ, ಬೇಕಾದರೆ ಕೋಟೆಯ ಬದಲು ಹಿಮಪರ್ವತ ಹಾಕಿಕೊಡುತ್ತೇನೆ ಎಂದ. ಹಿಮಪರ್ವತವಾದರೆ ಅಮ್ಮ ಮಂಜುಗಡ್ಡೆಯಾಗುತ್ತಾರೆ ಅಷ್ಟೆ. ಒಳಗಿದ್ದ ಹಿರಿಯನೊಬ್ಬ ಎದ್ದು ಬಂದು ಪರದೆಯನ್ನು ನೋಡಿದ, ಅಮ್ಮನನ್ನು ನೋಡಿದ, ಮರಾಠಿಯಲ್ಲಿ ಹುಡುಗನಿಗೆ ಏನೋ ಹೇಳಿ ತಾನೇ ಕೂತು ಮೂಲ ಚಿತ್ರವನ್ನು ಹುಡುಕಿ ತೆಗೆದ. ಎರಡು ನಿಮಿಷದ ಕೆಲಸ.

ಹೀಗೆ ನಮ್ಮ ತೀರ್ಮಾನ: ಸಂಪುಟ ಬೇಡ, ಗಾಡಿಯಲ್ಲಿ ಕಿರುಚಿದ್ದು ಒಂದು, ಪರದೆಯ ಮುಂದಿನದು ಒಂದು, ಒಟ್ಟು 600 ರೂಪಾಯಿ. ಫ್ರಿಜ್ಜಿನ ಬಿಲ್ಲೆ ಹೋಯಿತು. ಮಗನ ಮುಖ ಬಸ್ಸು ಹತ್ತುವವರೆಗೂ ಸಪ್ಪಗಿತ್ತು. ಅದು ಈ ವಿಮರ್ಶೆಯ ವೆಚ್ಚಕ್ಕೆ ಸೇರಬೇಕು. ಹೋಗುವವರಿಗೆ ನಮ್ಮ ಅನುಭವದಿಂದ ಒಂದೆರಡು ಮಾತು: ಕೌಂಟರಿಗೆ ಹೋಗುವ ಮೊದಲೇ ಬೆಂಚಿನ ಮೇಲೆ ಕೂತು ನಿಮ್ಮ ಮೊಬೈಲಿನ ಚಿತ್ರಗಳನ್ನು ನೋಡಿಕೊಳ್ಳಿ, ಯಾರು ಇಲ್ಲ ಎಂಬುದನ್ನು ಎಣಿಸಿ. ಆಟ ಮುಗಿದು ಎದೆ ಬಡಿದುಕೊಳ್ಳುತ್ತಿರುವಾಗ ಎದುರಿಗೇ ಚಿತ್ರ ತೋರಿಸುತ್ತಾರೆ, ಆಗ ಬೆಲೆ ಕೇಳಬೇಡಿ. ಕಾಗದದ ಪ್ರತಿಯ ಜೊತೆಗೆ ಮೊಬೈಲಿಗೂ ಕಳಿಸುತ್ತಾರೆಯೇ, ಎಷ್ಟು ದಿನ ಇಟ್ಟಿರುತ್ತಾರೆ ಎಂದು ವಿಚಾರಿಸಿ. ಹಸಿರು ಸೀರೆಯ ವಿಷಯ ಹೇಳಬೇಕಾಗಿಲ್ಲ.

ಆ ಚಿತ್ರವನ್ನು ತಂದೆಯವರ ಸ್ಟುಡಿಯೋ ಚಿತ್ರದ ಪಕ್ಕದಲ್ಲೇ ಗೋಡೆಗೆ ಹಾಕಿದ್ದೇವೆ. ಸುಕ್ಕು ಬಿದ್ದ ಹಸಿರು ಬಟ್ಟೆ, ಮೂಲೆಯಲ್ಲಿ ದೀಪದ ಕಂಬದ ಒಂದು ಕಾಲು, ಐದು ಜನ. ಬೆಳಗಿನ ಹೊತ್ತಾದ್ದರಿಂದ ಯಾರೂ ದಣಿದಿಲ್ಲ. ಅಮ್ಮ ಮೊಮ್ಮಗಳ ಭುಜದ ಮೇಲೆ ಕೈಯಿಟ್ಟು ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ, ಸೆರಗು ಮುಖಕ್ಕೆ ಹೋಗಿಲ್ಲ. ಮೇಲಿನ ಮಾಳಿಗೆಯವರೊಬ್ಬರು ಬಂದಾಗ ಇದು ಯಾವ ಸ್ಟುಡಿಯೋ, ಸ್ಟೇಷನ್ನಿನ ಹತ್ತಿರದ್ದೇ ಎಂದು ಕೇಳಿದರು.

ಇನ್ನೊಂದು ಪ್ರತಿಯನ್ನು ಊರಿಗೆ ಅಂಚೆಯಲ್ಲಿ ಕಳಿಸಿದೆವು. ತಲುಪಿದ ದಿನ ಅಮ್ಮ ಫೋನು ಮಾಡಿದರು. ಎಲ್ಲರೂ ಚಂದ ಬಂದಿದ್ದೀರಿ ಎಂದರು. ಸ್ವಲ್ಪ ತಡೆದು, ‘ಆದರೆ ಮಗಾ, ಅಷ್ಟು ದುಡ್ಡು ತಗೊಂಡವರು ಹಿಂದಿನ ಪರದೆಗೆ ಒಂದು ಹಂಸ ಆದರೂ ಬರೆಸಬಹುದಿತ್ತಲ್ಲ’ ಎಂದರು.