ಆಟಿಯಲ್ಲಿ ಅಪ್‌ಗ್ರೇಡ್ ಬೇಡ

ಡೆಬಿಯನ್ ಲಿನಕ್ಸಿನ ಹೊಸ ಸ್ಥಿರ ಆವೃತ್ತಿಗಳು ಹೊರಬಂದ ದಿನಗಳನ್ನು ನೋಡಿ: 2017ರ ಜೂನ್ 17, 2019ರ ಜುಲೈ 6, 2021ರ ಆಗಸ್ಟ್ 14, 2023ರ ಜೂನ್ 10, 2025ರ ಆಗಸ್ಟ್ 9. ಐದಕ್ಕೆ ಐದೂ ನಮ್ಮ ಮಳೆಗಾಲದಲ್ಲಿ, ಕೊನೆಯದೂ ಸೇರಿ ಎರಡು ಬಂದದ್ದು ತುಳುನಾಡಿನ ಆಟಿ ತಿಂಗಳಲ್ಲೇ. ಉಡುಪಿಯ ಪರ್ಯಾಯ ಸಮಸಂಖ್ಯೆಯ ವರ್ಷದ ಜನವರಿಯಲ್ಲಿ, ಡೆಬಿಯನ್ ಬೆಸಸಂಖ್ಯೆಯ ವರ್ಷದ ಮಳೆಯಲ್ಲಿ. ಮನೆಯಲ್ಲಿ ಸರ್ವರ್ ಇಟ್ಟುಕೊಂಡ ಕರಾವಳಿಯವರು ಈ ಲೆಕ್ಕವನ್ನು ನೆನಪಿಡಬೇಕು.

ದೊಡ್ಡ ಅಪ್‌ಗ್ರೇಡ್ ಅಂದರೆ ನೂರಾರು ಪ್ಯಾಕೇಜುಗಳು ಸಾಲಾಗಿ ಬದಲಾಗುವ ಕೆಲಸ. ಕಾರ್ಕಳದ ಕಡೆ ಗಾಳಿಗೆ ಮರ ಬಿದ್ದು ತಂತಿ ಕಡಿದರೆ ಕರೆಂಟು ಮರಳಲು ಮರುದಿನವೂ ಆದೀತು, ಯುಪಿಎಸ್ ಬ್ಯಾಟರಿ ಅಷ್ಟು ಹೊತ್ತು ತಡೆಯುವುದಿಲ್ಲ. ಅರ್ಧಕ್ಕೆ ನಿಂತ ಯಂತ್ರವನ್ನು ಎಬ್ಬಿಸಬಹುದು, ಆದರೆ ಅದಕ್ಕೆ ಯಾರಾದರೂ ಅದರ ಎದುರೇ ಕೂತಿರಬೇಕು. ನಮ್ಮ ಕಡೆ ಯಂತ್ರ ಕಾಪುವಿನ ಅಪ್ಪ ಅಮ್ಮನ ಮನೆಯಲ್ಲಿ, ಅದನ್ನು ನೋಡಿಕೊಳ್ಳುವ ಮಗಳು ಬೆಂಗಳೂರಿನಲ್ಲೋ ದುಬೈಯಲ್ಲೋ. ಹಾಗಾಗಿ ದೀಪಾವಳಿಗೆ ಊರಿಗೆ ಬಂದಾಗ ಕೈಹಾಕುವುದೇ ಸರಿ. ಅಷ್ಟರಲ್ಲಿ ಮೊದಲ ತಿದ್ದುಪಡಿಗಳೂ ಬಂದಿರುತ್ತವೆ. 2023ರ ಜೂನ್‌ನಲ್ಲಿ ಡೆಬಿಯನ್ 12 ಬಂತು, ಜುಲೈಯಲ್ಲಿ 12.1, ಅಕ್ಟೋಬರ್‌ನಲ್ಲಿ 12.2. ಹಳೆಯ ಆವೃತ್ತಿಗೂ ಸುಮಾರು ಒಂದು ವರ್ಷ ಭದ್ರತಾ ತಂಡದ ಆರೈಕೆ ಇದ್ದೇ ಇರುತ್ತದೆ, ಕಾದರೆ ನಷ್ಟವೇನಿಲ್ಲ.

ಭದ್ರತಾ ತಿದ್ದುಪಡಿಗೆ ಮಾತ್ರ ಆಟಿ ತಿಂಗಳು, ಸೋಣ ತಿಂಗಳು ಎಂಬ ಭೇದ ಸಲ್ಲದು. ಅವು ಪ್ರತಿದಿನ ತಾವಾಗಿಯೇ ಇಳಿದು ಕೂರಬೇಕು. ಡೆಬಿಯನ್‌ನಲ್ಲಿ ಅದಕ್ಕೆಂದೇ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಇದೆ. ಇದನ್ನು ಉದಾಸೀನ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಲಾಸ್ಟ್‌ಪಾಸ್ ಪ್ರಕರಣಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಕೋಟ್ಯಂತರ ಜನರ ಪಾಸ್‌ವರ್ಡ್ ಕಾಯುವ ಆ ಕಂಪನಿಗೆ 2022ರಲ್ಲಿ ಕನ್ನ ಬಿತ್ತು. ಕಳ್ಳರು ದಾರಿ ಮಾಡಿಕೊಂಡದ್ದು ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರಿನಿಂದ, ಅದರಲ್ಲಿದ್ದ ಪ್ಲೆಕ್ಸ್ ಎಂಬ ಸಿನಿಮಾ ಸರ್ವರಿನಿಂದ. ಆ ದೋಷಕ್ಕೆ ತಿದ್ದುಪಡಿ 2020ರ ಮೇ ತಿಂಗಳಲ್ಲೇ ಬಂದಿತ್ತು. ಅದಾದ ಮೇಲೆ ಸುಮಾರು 75 ಆವೃತ್ತಿಗಳು ಬಂದುಹೋಗಿವೆ ಎಂದು ಪ್ಲೆಕ್ಸ್ ಆಮೇಲೆ ಹೇಳಿತು. ತಿದ್ದುಪಡಿ ಹಾಕದೆ ಬಿಟ್ಟದ್ದು ಒಂದು ತಪ್ಪು. ಸಿನಿಮಾ ನೋಡುವ ಸಾಫ್ಟ್‌ವೇರೂ ಕಚೇರಿಯ ಕೀಲಿಗಳೂ ಒಂದೇ ಯಂತ್ರದಲ್ಲಿ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ನನ್ನ ಎಣಿಕೆ.

ಹೀಗಾಗಿಯೇ ನಾನು ಅಪ್‌ಡೇಟಿಗಿಂತ ಮೊದಲು ವಿಂಗಡಣೆಯ ಮಾತಾಡುವುದು. ಒಂದೊಂದು ಸೇವೆಯೂ ಅದರದೇ ಕಂಟೇನರಿನಲ್ಲಿದ್ದರೆ ಒಂದನ್ನು ಬದಲಿಸುವಾಗ ಇನ್ನೊಂದಕ್ಕೆ ತಾಗುವುದಿಲ್ಲ. ಧೈರ್ಯ ಬರುವುದು ಆಗಲೇ. ಕಂಟೇನರ್ ಕಟ್ಟುವ ಡಾಕರ್ 2013ರಲ್ಲಿ ಬಂದ ಮೇಲೆ ಈ ಕೆಲಸ ಎಷ್ಟು ಸುಲಭವಾಯಿತೆಂದರೆ, ಅದರ ಗೋಡೆ ಎಷ್ಟು ತೆಳು ಎಂಬುದೇ ಮರೆತುಹೋಗಿದೆ. ಎಲ್ಲ ಕಂಟೇನರುಗಳಿಗೂ ಕರ್ನಲ್ ಒಂದೇ. ಕರ್ನಲ್ ತಿದ್ದುಪಡಿ ಬಂದಾಗ ಯಂತ್ರವನ್ನು ರೀಬೂಟ್ ಮಾಡದಿದ್ದರೆ ಎಷ್ಟು ಕಂಟೇನರ್ ಕಟ್ಟಿಯೂ ಫಲವಿಲ್ಲ. ಡಾಕರ್ ಸಾಕೆಟ್ಟನ್ನು ಯಾವುದಾದರೂ ಕಂಟೇನರಿನ ಒಳಕ್ಕೆ ಕೊಟ್ಟರೆ ಇಡೀ ಯಂತ್ರದ ಯಜಮಾನಿಕೆಯನ್ನೇ ಕೊಟ್ಟಂತೆ. ಇನ್ನೊಂದು ಸಂಗತಿ ಅನುಭವಿಗಳಿಗೂ ತಪ್ಪಿಹೋಗುತ್ತದೆ: ಯುಎಫ್‌ಡಬ್ಲ್ಯು ಫೈರ್‌ವಾಲಿನಲ್ಲಿ ನೀವು ಮುಚ್ಚಿದ ಪೋರ್ಟನ್ನು ಡಾಕರ್ ತೆರೆದುಬಿಡುತ್ತದೆ, ಏಕೆಂದರೆ ಅದು ಫೈರ್‌ವಾಲಿನ ಕೆಳಗಿನ ನಿಯಮಗಳನ್ನೇ ನೇರವಾಗಿ ಬರೆಯುತ್ತದೆ. ಪೋರ್ಟಿನ ಮುಂದೆ 127.0.0.1 ಎಂದು ಬರೆಯಿರಿ, ಮನೆಯ ಹೊರಗಿನಿಂದ ಬರುವವರಿಗೆ ವೈರ್‌ಗಾರ್ಡ್ ವಿಪಿಎನ್ ಒಂದೇ ಬಾಗಿಲಾಗಿರಲಿ. ಡೇಟಾಬೇಸಿಗೆ ಇಂಟರ್‌ನೆಟ್ಟಿನ ಹಂಗೇ ಇಲ್ಲದ ಒಳಜಾಲ ಸಾಕು. ಸಿಸಿ ಕ್ಯಾಮೆರಾಗಳ ಜಾಲ ರೂಟರಿನಲ್ಲೇ ಬೇರೆಯಾಗಿರಲಿ.

ಕಾರ್ಕಳದ ಗೆಳೆಯರೊಬ್ಬರ ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಯಕ್ಷಗಾನದ ದೊಡ್ಡ ಸಂಗ್ರಹವಿದೆ, ಕೇಳುವುದು ಮೀಡಿಯಾ ಸರ್ವರ್ ಜೆಲ್ಲಿಫಿನ್‌ನಲ್ಲಿ. ಆ ಫೋಲ್ಡರನ್ನು ಜೆಲ್ಲಿಫಿನ್‌ಗೆ ‘ಓದಲು ಮಾತ್ರ’ ಎಂದೇ ಕೊಟ್ಟಿದ್ದಾರೆ. ನಾಳೆ ಬರುವ ಅಪ್‌ಡೇಟ್ ಎಂಥದೇ ಇರಲಿ, ಒಂದು ತಾಳಮದ್ದಳೆಯನ್ನೂ ಅಳಿಸಲಾರದು. ಇದಕ್ಕೆ ತಗಲುವುದು ಸಂರಚನೆಯಲ್ಲಿ ಎರಡು ಅಕ್ಷರ. ಇಷ್ಟು ಅಗ್ಗದ ರಕ್ಷಣೆ ಬೇರೆ ನಾನು ಕಂಡಿಲ್ಲ.

ಕಂಟೇನರಿನ ಆವೃತ್ತಿಗೆ ‘ಲೇಟೆಸ್ಟ್’ ಎಂದು ಬರೆದು ಬಿಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅಂಕಿ ಬರೆದಿಡಿ. ಪೋಸ್ಟ್‌ಗ್ರೆಸ್ 15ರ ಡೇಟಾ ಫೋಲ್ಡರನ್ನು 16 ಮುಟ್ಟುವುದಿಲ್ಲ, ಏಳಲು ನಿರಾಕರಿಸುತ್ತದೆ. ಹಳೆಯದರಿಂದ ಡಂಪ್ ತೆಗೆದು ಹೊಸದಕ್ಕೆ ತುಂಬಬೇಕು. ನೆಕ್ಸ್ಟ್‌ಕ್ಲೌಡ್‌ನಲ್ಲಿ ದೊಡ್ಡ ಆವೃತ್ತಿಗಳನ್ನು ಹಾರಿ ಹೋಗುವಂತಿಲ್ಲ, ಒಂದೊಂದೇ ಮೆಟ್ಟಿಲು. ಮೊಮ್ಮಕ್ಕಳ ಫೋಟೊ ಇರುವ ಇಮ್ಮಿಚ್ ವೇಗವಾಗಿ ಬದಲಾಗುತ್ತ ಬಂದ ಸಾಫ್ಟ್‌ವೇರ್, ಬಿಡುಗಡೆಯ ಟಿಪ್ಪಣಿ ಓದದೆ ಅದನ್ನು ಮುಟ್ಟಬಾರದು.

ಹೊಸದಕ್ಕೆ ಹಾತೊರೆಯುವವರು 2024ರ ಮಾರ್ಚ್ 29ನ್ನು ಮರೆಯಬಾರದು. ಎಕ್ಸ್‌ಜಡ್ ಎಂಬ ಸಣ್ಣ ಸಂಕೋಚನ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಪೋಸ್ಟ್‌ಗ್ರೆಸ್‌ನ ಅಭಿವರ್ಧಕ ಆಂಡ್ರೆಸ್ ಫ್ರೋಯಿಂಡ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯೆಂದು ಬೆನ್ನುಹತ್ತಿ ಅದನ್ನು ಹಿಡಿದರು. ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳವರೆಗೆ ಅದು ಬಂದಿತ್ತು, ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಅರ್ಧ ಸೆಕೆಂಡನ್ನು ಲೆಕ್ಕಕ್ಕೆ ತೆಗೆದುಕೊಂಡ ಆ ಮನುಷ್ಯನಿಗೆ ಸರ್ವರ್ ಇಟ್ಟುಕೊಂಡ ನಾವೆಲ್ಲ ಋಣಿಗಳು.

ಬ್ಯಾಕಪ್ ಇನ್ನೊಂದು ಊರಿನಲ್ಲಿರಲಿ. ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿರುವುದರಿಂದ ಅದು ಬ್ಯಾಕಪ್ ಅಲ್ಲ. ಕಾಪುವಿನ ಉಪ್ಪುಗಾಳಿಯಲ್ಲಿ ಕೂತ ಯಂತ್ರದ ಪ್ರತಿ ಮಣಿಪಾಲದ ಗುಡ್ಡದ ಮೇಲಿನ ನೆಂಟರಲ್ಲಿ, ಅವರದ್ದು ನಿಮ್ಮಲ್ಲಿ. ಬ್ಯಾಕಪ್ ಸಾಫ್ಟ್‌ವೇರ್ ರೆಸ್ಟಿಕ್ ಎನ್‌ಕ್ರಿಪ್ಟ್ ಮಾಡಿಯೇ ಕಳಿಸುತ್ತದೆ, ನೆಂಟರಿಗೆ ಒಳಗಿನದು ಕಾಣುವುದಿಲ್ಲ. ದೊಡ್ಡ ಅಪ್‌ಗ್ರೇಡಿಗೆ ಮೊದಲು ಆ ಪ್ರತಿಯನ್ನು ಒಂದು ಹಳೆಯ ಲ್ಯಾಪ್‌ಟಾಪಿಗೆ ಮರಳಿ ತಂದು, ಫೋಟೊ ತೆರೆಯುತ್ತದೋ ನೋಡಿ. ರೆಸ್ಟಿಕ್‌ನ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಿ, ಸರ್ವರಿನೊಳಗಿನ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಮಾತ್ರ ಇದ್ದರೆ ಸರ್ವರ್ ಹೋದ ದಿನ ಅದೂ ಹೋಗುತ್ತದೆ.